ಬಿಸಿಲುಕೋಲಿಗೆ ಬೇಕಾದದ್ದು ದೂಳು

ಕಂಪ್ಯೂಟರಿನಲ್ಲಿ ಕಟ್ಟಿದ ದೃಶ್ಯದೊಳಗೆ ಬಿಸಿಲುಕೋಲು ತಾನಾಗಿ ಮೂಡುವುದಿಲ್ಲ. ಗೋಡೆ ಎಬ್ಬಿಸಿ, ಮಾಡಿಗೆ ಕಿಂಡಿ ಬಿಟ್ಟು, ಹೊರಗೆ ಸೂರ್ಯನನ್ನಿಟ್ಟು ರೆಂಡರ್ ಮಾಡಿದರೆ, ಅಂದರೆ ಲೆಕ್ಕ ಹಾಕಿಸಿ ಚಿತ್ರವಾಗಿಸಿದರೆ, ನೆಲದ ಮೇಲೆ ಬಿಸಿಲಿನ ಚೌಕವೊಂದು ಬೀಳುತ್ತದೆ. ಕಿಂಡಿಗೂ ಆ ಚೌಕಕ್ಕೂ ನಡುವೆ ಏನೂ ಇರುವುದಿಲ್ಲ. ತಂತ್ರಾಂಶದ ಲೆಕ್ಕದಲ್ಲಿ ವಸ್ತು ವಸ್ತುಗಳ ನಡುವಿನ ಜಾಗ ಬರಿಯ ಶೂನ್ಯ. ಬೆಳಕು ಯಾವುದಾದರೂ ಮೈಗೆ ತಾಗಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಹಾದಿಯಲ್ಲಿ ಅದಕ್ಕೆ ಏನಾಯಿತು ಎಂದು ಕೇಳುವವರಿಲ್ಲ.

ನಿಜವಾದ ಕೋಣೆಯಲ್ಲಿ ಕೋಲು ಕಾಣುವುದು ಗಾಳಿಯಲ್ಲಿ ತೇಲುವ ದೂಳು, ಹೊಗೆ, ಹಬೆಗಳ ದೆಸೆಯಿಂದ. ಪ್ರತಿ ಕಣವೂ ತನ್ನ ಮೇಲೆ ಬಿದ್ದ ಬೆಳಕಿನ ಒಂದಿಷ್ಟು ಪಾಲನ್ನು ಸುತ್ತಲೂ ಚದುರಿಸುತ್ತದೆ, ಅದರಲ್ಲಿ ಚೂರುಪಾರು ಕಣ್ಣಿಗೆ ಬಂದು ಮುಟ್ಟುತ್ತದೆ. ವಿಜ್ಞಾನಿ ಜಾನ್ ಟಿಂಡಲ್ 1870ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ದೂಳು ಮತ್ತು ರೋಗಗಳ ಕುರಿತು ಉಪನ್ಯಾಸ ಕೊಟ್ಟಾಗ ತೋರಿಸಿದ್ದು ಇದನ್ನೇ. ಕತ್ತಲೆಯಲ್ಲಿ ಹಾಯಿಸಿದ ಬೆಳಕಿನ ಪಟ್ಟಿಯ ಕೆಳಗೆ ಸ್ಪಿರಿಟ್ ದೀಪದ ಉರಿ ಹಿಡಿದರೆ ಪಟ್ಟಿಯ ನಡುವೆ ಕಪ್ಪು ಸುರುಳಿಗಳೇಳುತ್ತಿದ್ದವು. ನೋಡಿದವರಿಗೆ ಅದು ಹೊಗೆ. ಟಿಂಡಲ್ ಹೇಳಿದ್ದು ಬೇರೆ: ಅಲ್ಲಿ ದೂಳಿಲ್ಲ, ಆದ್ದರಿಂದ ಬೆಳಕು ಕಾಣುವುದಿಲ್ಲ. ದೂಳು ತೆಗೆದ ಗಾಳಿಯಲ್ಲಿ ಎಷ್ಟೇ ಪ್ರಖರವಾದ ಬೆಳಕು ಹರಿದರೂ ಪಕ್ಕದಲ್ಲಿ ನಿಂತವನಿಗೆ ಕತ್ತಲೆಯೇ. ರೆಂಡರಿನಲ್ಲಿ ಕೋಲು ಮೂಡಿಸಲು ಹೊರಟವರು ಬೆಳಕನ್ನು ಹೆಚ್ಚಿಸುತ್ತ ಹೋಗುತ್ತಾರೆ; ಬೇಕಾದದ್ದು ಗಾಳಿ ಎಂಬುದು ಹೊಳೆಯಲು ತಡವಾಗುತ್ತದೆ. ಈ ಬರಹಗಾರನಿಗೆ ಅದು ಹೊಳೆಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಹೊಳೆಯದಿರಲು ಸಬೂಬೇನೂ ಇರಲಿಲ್ಲ. ಮಲೆನಾಡಿನ ಹಳೆಯ ಮನೆಗಳ ಮಾಡಿನಲ್ಲಿ ಅಲ್ಲಲ್ಲಿ ಒಂದೊಂದು ಗಾಜಿನ ಹಂಚು ಇರುತ್ತದೆ. ಬಚ್ಚಲುಮನೆಯ ಮೇಲಿನದಂತೂ ಹೊಗೆ ಹಿಡಿದು ಅರ್ಧ ಕಪ್ಪಾಗಿರುತ್ತದೆ. ಬೆಳಗ್ಗೆ ಹಂಡೆಯ ಒಲೆಗೆ ಹಸಿ ಕಟ್ಟಿಗೆ ತುರುಕಿದಾಗ ಹೊಗೆ ಮೇಲೇಳುತ್ತದೆ, ಆ ಹೊಗೆಯೊಳಗೆ ಓರೆಯಾಗಿ ಕೋಲು ನಿಲ್ಲುತ್ತದೆ. ಒಲೆ ಆರಿ ಹೊಗೆ ಕರಗಿದ ಮೇಲೆ ಬಿಸಿಲು ಅಷ್ಟೇ ಇರುತ್ತದೆ, ಕೋಲು ಮಾತ್ರ ಇರುವುದಿಲ್ಲ. ದಿನವೂ ಇದನ್ನು ನೋಡುತ್ತ ಬೆಳೆದವನು ಇಪ್ಪತ್ತು ವರ್ಷದ ಮೇಲೆ ಕಂಪ್ಯೂಟರಿನ ಮುಂದೆ ಕೂತು ದೀಪದ ಅಂಕಿಯನ್ನು ಒಂದರಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಏರಿಸುತ್ತ ಕೂತಿದ್ದನೆಂದರೆ ಕಣ್ಣು ಕಂಡದ್ದನ್ನೆಲ್ಲ ಬುದ್ಧಿ ಬರೆದಿಟ್ಟುಕೊಳ್ಳುವುದಿಲ್ಲ ಎನ್ನಬೇಕಷ್ಟೆ.

ಆಗ ಕೈಗೆ ಸಿಕ್ಕಿದ್ದು ಪೋವ್-ರೇ ಎಂಬ ಉಚಿತ ತಂತ್ರಾಂಶ. ಡೇವಿಡ್ ಬಕ್ ಬರೆದ ಡಿಕೆಬಿಟ್ರೇಸ್ ಎಂಬುದರಿಂದ ಬೆಳೆದು 1991ರಲ್ಲಿ ಹೊರಬಂದದ್ದು ಅದು. 1999ರ ಸುಮಾರಿಗೆ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಅದರ 3.1ನೆಯ ಆವೃತ್ತಿ ಇತ್ತು. ಮೌಸಿನಿಂದ ಎಳೆದು ಕೂರಿಸುವ ಮಾತೇ ಇಲ್ಲ. ಗೋಡೆ, ಕಂಬ, ದೀಪ, ಕ್ಯಾಮೆರಾ ಎಲ್ಲವನ್ನೂ ಅಂಕಿಗಳಲ್ಲಿ ಬರೆಯಬೇಕು. ಬರೆದು ಮುಗಿಸಿ ಓಡಿಸಿದರೆ ಚಿತ್ರ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಮೂಡುತ್ತದೆ. ಕಟ್ಟಲು ಹೊರಟ ದೃಶ್ಯ ಆ ಬಚ್ಚಲುಮನೆಯೇ: ನಾಲ್ಕು ಗೋಡೆ, ಇಳಿಜಾರು ಮಾಡು, ಒಂದು ಹಂಡೆ, ಒಂದು ಕಿಂಡಿ.

ದೀಪ ಏರಿಸಿ ಸೋತ ಮೇಲೆ ಮಾಡಿದ ಎರಡನೆಯ ತಪ್ಪು ಮಂಜಿನದು. ಪೋವ್-ರೇಯಲ್ಲಿ ‘ಫಾಗ್’ ಎಂಬ ಸುಲಭದ ಸಾಧನವಿದೆ. ಹೆಸರು ಕೇಳಿದರೆ ಇದೇ ಬೇಕಾದದ್ದು ಅನ್ನಿಸುತ್ತದೆ. ಆದರೆ ಅದು ಮಾಡುವುದು ಇಷ್ಟೆ: ವಸ್ತು ದೂರವಿದ್ದಷ್ಟೂ ಅದರ ಬಣ್ಣಕ್ಕೆ ಬೂದು ಬೆರೆಸುವುದು. ಆ ಮಂಜಿಗೆ ದೀಪದ ಪರಿವೆಯಿಲ್ಲ, ನೆರಳಿನ ಪರಿವೆಯೂ ಇಲ್ಲ. ಕೋಲು ಎಂದರೆ ಬರಿಯ ಬೆಳಗಿದ ಗಾಳಿ ಅಲ್ಲ. ಬೆಳಗಿದ ಗಾಳಿಯ ಪಕ್ಕದಲ್ಲೇ ಬೆಳಗದ ಗಾಳಿಯೂ ಇರಬೇಕು. ನೆರಳು ಬೀಳದ ಮಂಜಿನಲ್ಲಿ ಅದು ಹುಟ್ಟುವ ಹಾಗೇ ಇಲ್ಲ.

ಸರಿಯಾದ ಸಾಧನದ ಹೆಸರು ‘ಮೀಡಿಯಾ’. ಪಾರದರ್ಶಕವಾದ ಪೆಟ್ಟಿಗೆಯೊಂದನ್ನು ಕೋಣೆಯ ತುಂಬ ಇಟ್ಟು ಅದರೊಳಗೆ ಬೆಳಕು ಚದುರಿಸುವ ಕಣಗಳಿವೆ ಎಂದು ಹೇಳಬೇಕು. ಎಷ್ಟು ದಟ್ಟ, ಯಾವ ಬಗೆಯ ಚದುರಿಕೆ ಎಂಬುದನ್ನೂ ಹೇಳಬೇಕು. ಇದನ್ನೆಲ್ಲ ಕೈಪಿಡಿಯಲ್ಲಿದ್ದಂತೆ ಬರೆದರೂ ವಾರಗಟ್ಟಲೆ ಚಿತ್ರದಲ್ಲಿ ಏನೂ ಬದಲಾಗಲಿಲ್ಲ. ಪೋವ್-ರೇಯ ಲೋಕದಲ್ಲಿ ವಸ್ತುಗಳು ಹುಟ್ಟಿನಿಂದಲೇ ಗಟ್ಟಿ. ಒಳಗೆ ಗಾಳಿ, ಹೊಗೆ ಏನನ್ನೇ ತುಂಬಬೇಕಾದರೂ ‘ಹಾಲೋ’, ಅಂದರೆ ಟೊಳ್ಳು, ಎಂಬ ಒಂದು ಪದ ಸೇರಿಸಬೇಕು. ಪೆಟ್ಟಿಗೆಗೆ ಆ ಪದ ಸೇರಿತ್ತು. ಆದರೆ ಆಕಾಶಕ್ಕೆಂದು ಇಡೀ ದೃಶ್ಯದ ಸುತ್ತ ಒಂದು ದೊಡ್ಡ ಗೋಳವಿತ್ತು, ಅದಕ್ಕೆ ಸೇರಿರಲಿಲ್ಲ. ಲೆಕ್ಕದ ಪ್ರಕಾರ ಮನೆ, ಹಂಡೆ, ಕ್ಯಾಮೆರಾ ಎಲ್ಲವೂ ಒಂದು ಗಟ್ಟಿ ಗುಂಡಿನೊಳಗೆ ಹೂತುಹೋಗಿದ್ದವು. ಗಟ್ಟಿಯೊಳಗೆ ದೂಳು ತೇಲುವುದೆಲ್ಲಿಂದ ಬಂತು? ಆಕಾಶವನ್ನು ಟೊಳ್ಳು ಮಾಡಿದ ರಾತ್ರಿ ಮೊದಲ ಸಲ ಕೋಲು ಮೂಡಿತು. ಒರಟಾದ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದಂಥ ಕೋಲು.

ಆ ಮೆಟ್ಟಿಲುಗಳ ಕಾರಣ ತಿಳಿಯಬೇಕಾದರೆ ಒಳಗಿನ ಲೆಕ್ಕ ತಿಳಿಯಬೇಕು. ರೆಂಡರ್ ಮಾಡುವಾಗ ಪ್ರತಿ ಪಿಕ್ಸೆಲಿನ ಮೂಲಕ ಕ್ಯಾಮೆರಾದಿಂದ ದೃಶ್ಯದೊಳಕ್ಕೆ ಒಂದು ಗೆರೆ ಹೋಗುತ್ತದೆ. ಗಾಳಿ ಶೂನ್ಯವಾಗಿದ್ದರೆ ಗೆರೆ ಗೋಡೆ ಮುಟ್ಟಿದ ಕಡೆ ಬಣ್ಣವೇನೆಂದು ಕೇಳಿದರೆ ಕೆಲಸ ಮುಗಿಯಿತು. ದೂಳಿದ್ದರೆ ಆ ಗೆರೆಯ ಉದ್ದಕ್ಕೂ ಹೆಜ್ಜೆಹೆಜ್ಜೆಗೆ ನಿಲ್ಲಬೇಕು. ನಿಂತ ಕಡೆಯಲ್ಲೆಲ್ಲ ಕೇಳಬೇಕಾದದ್ದು: ಇಲ್ಲಿ ದೂಳೆಷ್ಟು? ಇಲ್ಲಿಂದ ನೋಡಿದರೆ ಸೂರ್ಯ ಕಾಣುತ್ತಾನೆಯೇ, ಇಲ್ಲ ಮಾಡು ಅಡ್ಡ ಬಂದಿದೆಯೇ? ಕಾಣುವುದಾದರೆ ಇಲ್ಲಿ ಚದುರಿದ ಬೆಳಕಿನಲ್ಲಿ ಕ್ಯಾಮೆರಾದ ಕಡೆ ತಿರುಗುವ ಪಾಲೆಷ್ಟು? ತಿರುಗಿದ್ದರಲ್ಲಿ ಕ್ಯಾಮೆರಾ ಸೇರುವಷ್ಟರಲ್ಲಿ ನಡುವಿನ ದೂಳು ಕಸಿಯುವುದೆಷ್ಟು? ಎಲ್ಲ ಹೆಜ್ಜೆಗಳ ಉತ್ತರವನ್ನು ಕೂಡಿದರೆ ಆ ಪಿಕ್ಸೆಲಿನ ಮೇಲೆ ಹರಡಬೇಕಾದ ಹೊಳಪು ಸಿಗುತ್ತದೆ. ಪಕ್ಕದ ಪಿಕ್ಸೆಲಿನ ಗೆರೆ ಮಾಡಿನ ನೆರಳಿನಲ್ಲೇ ಸಾಗಿದರೆ ಅದು ಮಂಕಾಗಿ ಉಳಿಯುತ್ತದೆ. ಈ ವ್ಯತ್ಯಾಸವನ್ನೇ ಕಣ್ಣು ಕೋಲು ಎಂದು ಓದುತ್ತದೆ.

ಬೆಲೆ ಕಡಿಮೆಯದಲ್ಲ. 640×480ರ ಚಿತ್ರದಲ್ಲಿ 3,07,200 ಪಿಕ್ಸೆಲುಗಳು. ಒಂದೊಂದು ಗೆರೆಗೆ 50 ಹೆಜ್ಜೆ ಎಂದರೆ ಸೂರ್ಯ ಕಾಣುತ್ತಾನೆಯೇ ಎಂಬ ಒಂದೇ ಪ್ರಶ್ನೆಯನ್ನು 1,53,60,000 ಸಲ ಕೇಳಬೇಕು. ಕೋಲಿಲ್ಲದ ಬಚ್ಚಲುಮನೆ ಅಂದಿನ ಪೆಂಟಿಯಮ್ ಯಂತ್ರದಲ್ಲಿ ಐದಾರು ನಿಮಿಷಕ್ಕೆ ಮೂಡುತ್ತಿತ್ತು. ಕೋಲಿರುವ ಬಚ್ಚಲುಮನೆಯನ್ನು ರಾತ್ರಿ ಮಲಗುವ ಮುನ್ನ ಓಡಿಸಿದರೆ ಬೆಳಗಿನ ಕಾಫಿಯ ಹೊತ್ತಿಗೂ ಮುಕ್ಕಾಲು ಚಿತ್ರ. ನಡುವೆ ಕರೆಂಟು ಹೋಗುವುದಂತೂ ಇದ್ದದ್ದೇ. ನಿಂತಲ್ಲಿಂದ ಮುಂದುವರಿಸುವ ಸೌಕರ್ಯವನ್ನು ಪೋವ್-ರೇ ಇಟ್ಟುಕೊಂಡಿತ್ತು, ‘ಪ್ಲಸ್ ಸಿ’ ಎಂಬ ಎರಡೇ ಅಕ್ಷರದ ಆಜ್ಞೆ. ಆ ತಂತ್ರಾಂಶದ ನೂರಾರು ಸೌಕರ್ಯಗಳಲ್ಲಿ ಇಲ್ಲಿ ಹೆಚ್ಚು ಬಳಕೆಯಾದದ್ದು ಬಹುಶಃ ಇದೇ.

ಹೆಜ್ಜೆ ಕಡಿಮೆ ಇಟ್ಟರೆ ಕೋಲು ಹೋಳುಹೋಳಾಗಿ ಕಾಣುತ್ತದೆ. ಮೊದಲ ರಾತ್ರಿಯ ಮೆಟ್ಟಿಲುಗಳು ಅವೇ. ಹೆಜ್ಜೆ ಹೆಚ್ಚಿಸಿದರೆ ಹೊತ್ತು ಹೆಚ್ಚುತ್ತದೆ. ಮೂರನೆಯ ದಾರಿ, ಒಂದೊಂದು ಗೆರೆಯ ಹೆಜ್ಜೆಯನ್ನೂ ಒಂದಿಷ್ಟು ಹಿಂದೆಮುಂದೆ ಸರಿಸುವುದು. ಆಗ ಹೋಳುಗಳ ಬದಲು ಮರಳು ಎರಚಿದಂಥ ಚುಕ್ಕೆ ಬರುತ್ತದೆ. ಕಣ್ಣು ಗೆರೆಗಳನ್ನು ಸಹಿಸುವುದಿಲ್ಲ, ಚುಕ್ಕೆಗಳನ್ನು ಸಹಿಸುತ್ತದೆ. ಅದರಲ್ಲೂ ದೂಳಿನ ಚಿತ್ರದಲ್ಲಿ ಚುಕ್ಕೆ ಇದ್ದರೆ ಯಾರೂ ತಕರಾರು ಮಾಡುವುದಿಲ್ಲ.

ಈ ಲೆಕ್ಕ ಕಂಪ್ಯೂಟರ್ ಚಿತ್ರಕಾರರು ಹುಟ್ಟಿಸಿದ್ದಲ್ಲ, ಆಕಾಶ ನೋಡುವವರಿಂದ ಎರವಲು ತಂದದ್ದು. ನಕ್ಷತ್ರಗಳ ಹೊರಪದರದಲ್ಲಿ ಬೆಳಕು ಹೇಗೆ ಚದುರುತ್ತ, ಹೀರಿಕೆಯಾಗುತ್ತ ಸಾಗುತ್ತದೆ ಎಂಬುದರ ಗಣಿತವನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ 1950ರ ‘ರೇಡಿಯೇಟಿವ್ ಟ್ರಾನ್ಸ್‌ಫರ್’ ಗ್ರಂಥದಲ್ಲಿ ಕ್ರಮವಾಗಿ ಕಟ್ಟಿದ್ದರು. ಶನಿಗ್ರಹದ ಬಳೆಗಳನ್ನು ತೆರೆಯ ಮೇಲೆ ತೋರಿಸಬೇಕಾಗಿದ್ದ ಜೇಮ್ಸ್ ಬ್ಲಿನ್ 1982ರಲ್ಲಿ ಮೋಡ ಮತ್ತು ದೂಳಿನ ಮೇಲೆ ಬೀಳುವ ಬೆಳಕಿನ ಲೆಕ್ಕವನ್ನು ಪ್ರಕಟಿಸಿದರು. 1984ರಲ್ಲಿ ಜೇಮ್ಸ್ ಕಜಿಯಾ ಮತ್ತು ಬ್ರಯನ್ ವಾನ್ ಹರ್ಜೆನ್ ದಟ್ಟ ಗಾಳಿಯ ಮೂಲಕ ಗೆರೆ ಹಾಯಿಸುವ ವಿಧಾನ ಕೊಟ್ಟರು. ಮಂಜಿನ ನಡುವೆ ನೆರಳು ಬಿದ್ದು ಕೋಲುಗಳೇಳುವ ಬಗೆಯನ್ನು 1986ರಲ್ಲಿ ನೆಲ್ಸನ್ ಮ್ಯಾಕ್ಸ್, ಅದರ ಮರುವರ್ಷ ಜಪಾನಿನ ನಿಶಿತಾ ಮತ್ತು ಸಂಗಡಿಗರು ಬರೆದರು. ಹಂಡೆಯ ಒಲೆಯ ಹೊಗೆಗೂ ನಕ್ಷತ್ರದ ಮೈಗೂ ಒಂದೇ ಸಮೀಕರಣ ಸಾಕಾಯಿತು.

ಅದರಲ್ಲಿ ತುಸು ನಿಲ್ಲಬೇಕಾದ ಭಾಗ ಚದುರಿಕೆಯ ದಿಕ್ಕು. ದೂಳಿನ ಕಣ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹಂಚುವುದಿಲ್ಲ. ಹೆಚ್ಚಿನ ಪಾಲನ್ನು ಬೆಳಕು ಹೋಗುತ್ತಿದ್ದ ದಿಕ್ಕಿಗೇ ದೂಡುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಎದುರಿನಿಂದ ಬರುವ ಬಸ್ಸಿನ ದೀಪದ ಸುತ್ತ ದೊಡ್ಡ ಪ್ರಭಾವಳಿ ಕಾಣುವುದೂ, ಬಸ್ಸು ದಾಟಿ ಹಿಂದೆ ಹೋದೊಡನೆ ಅದೇ ಬೆಳಕು ಸೊರಗುವುದೂ ಇದರಿಂದಲೇ. ಹೆನ್ಯೆ ಮತ್ತು ಗ್ರೀನ್‌ಸ್ಟೈನ್ ಎಂಬ ಇಬ್ಬರು ಖಗೋಳಜ್ಞರು ನಕ್ಷತ್ರಗಳ ನಡುವಿನ ದೂಳಿಗಾಗಿ 1941ರಲ್ಲಿ ಬರೆದ ಒಂದು ಚಿಕ್ಕ ಸೂತ್ರ ಇಂದಿಗೂ ಹೆಚ್ಚಿನ ರೆಂಡರ್ ತಂತ್ರಾಂಶಗಳಲ್ಲಿ ಕುಳಿತಿದೆ. ಅದಕ್ಕೆ ಕೊಡಬೇಕಾದದ್ದು ಒಂದೇ ಅಂಕಿ, −1ರಿಂದ 1ರ ನಡುವೆ. ಸೊನ್ನೆ ಕೊಟ್ಟರೆ ಎಲ್ಲ ದಿಕ್ಕಿಗೂ ಸಮ, 0.7, 0.8ರ ಹತ್ತಿರ ಕೊಟ್ಟರೆ ಮುಮ್ಮುಖ. ಸೊನ್ನೆಯಲ್ಲಿ ಬಿಟ್ಟ ಕೋಲುಗಳು ಟ್ಯೂಬ್‌ಲೈಟಿನಂತೆ ಎಲ್ಲಿಂದ ನೋಡಿದರೂ ಒಂದೇ ತೆರನಾಗಿರುತ್ತವೆ. ಕ್ಯಾಮೆರಾ ಸುತ್ತು ಹಾಕಿದಾಗ ಕೋಲು ಹೊಳೆದು ಮಾಸುವ ಆಟ ಬೇಕಿದ್ದರೆ ಆ ಅಂಕಿಯನ್ನು ಮುಟ್ಟಲೇಬೇಕು. ಕೋಲಿನ ಚಿತ್ರಕ್ಕೆ ಕ್ಯಾಮೆರಾವನ್ನು ಸೂರ್ಯನ ಕಡೆ ಮುಖ ಮಾಡಿ ಇಡಬೇಕೆಂಬ ಹಳಬರ ಸಲಹೆಯ ಹಿಂದಿರುವುದೂ ಇಷ್ಟೆ.

ಸೂರ್ಯನನ್ನು ಎಲ್ಲಿಡಬೇಕೆಂಬುದು ಇನ್ನೊಂದು ಎಡವುಗಲ್ಲು. ಮೋಡದ ಸಂದಿಯಿಂದ ಇಳಿಯುವ ಕೋಲುಗಳು ಬೀಸಣಿಗೆಯಂತೆ ಹರಡಿಕೊಂಡಿರುತ್ತವೆ. ಅದನ್ನು ನೋಡಿದವರು ದೀಪವನ್ನು ಮೋಡದ ಬೆನ್ನಿಗೇ ತಂದಿಡುತ್ತಾರೆ. ಸೂರ್ಯನಿರುವುದು ಸುಮಾರು 15 ಕೋಟಿ ಕಿಲೋಮೀಟರ್ ಆಚೆ. ಅವನ ಕಿರಣಗಳು ಇಲ್ಲಿಗೆ ಬರುವುದು ಹೆಚ್ಚುಕಡಿಮೆ ಸಮಾನಾಂತರವಾಗಿ. ಬೀಸಣಿಗೆ ಕಾಣುವುದು ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಅದೇ ಕಣ್ಕಟ್ಟಿನಿಂದ. ದೀಪವನ್ನು ಹತ್ತಿರ ತಂದು ಮಾಡಿದ ಬೀಸಣಿಗೆ ಕ್ಯಾಮೆರಾ ಕದಲುವವರೆಗೆ ಮಾತ್ರ ನಂಬಿಸುತ್ತದೆ.

ಸೂರ್ಯ ಚುಕ್ಕೆಯೂ ಅಲ್ಲ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ. ಹಾಗಾಗಿ ಕೋಲಿನ ಅಂಚು ಕಿಂಡಿಯ ಹತ್ತಿರ ಚೂಪಾಗಿದ್ದು, ಕೆಳಗಿಳಿದಂತೆ ಪ್ರತಿ ಮೀಟರಿಗೆ ಸುಮಾರು 9 ಮಿಲಿಮೀಟರಿನಷ್ಟು ಮಸುಕಾಗುತ್ತದೆ. ಕಿಂಡಿ ತೀರ ಸಣ್ಣದಾದರೆ ಅದರ ಆಕಾರವೇ ಅಳಿದು ನೆಲದ ಮೇಲೆ ದುಂಡನೆಯ ಬಿಸಿಲ ಬಿಲ್ಲೆ ಬೀಳುತ್ತದೆ; ಅದು ಸೂರ್ಯನದೇ ಬಿಂಬ. 1980ರ ಫೆಬ್ರವರಿ 16ರ ಗ್ರಹಣದ ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು. ಆದರೆ ಹಂಚಿನ ಸಂದಿಗಳಿಗೆ ಯಾರೂ ಬಾಗಿಲು ಹಾಕಿರಲಿಲ್ಲ. ಜಗಲಿಯ ನೆಲದ ಮೇಲಿನ ಬಿಲ್ಲೆಗಳೆಲ್ಲ ಒಂದೊಂದಾಗಿ ಕುಡುಗೋಲಿನ ಹಾಗೆ ಸವೆಯತೊಡಗಿದ್ದನ್ನು ಅಂದು ಮಕ್ಕಳಾಗಿದ್ದವರು ಇನ್ನೂ ಮರೆತಿಲ್ಲ. ರೆಂಡರಿನಲ್ಲಿ ಚುಕ್ಕೆದೀಪದ ಬದಲು ಅಗಲವಿರುವ ದೀಪ ಇಟ್ಟರೆ ಈ ಮಸುಕು ಬರುತ್ತದೆ, ಹೊತ್ತೂ ಹಲವು ಪಟ್ಟಾಗುತ್ತದೆ. 1999ರ ಯಂತ್ರಕ್ಕೆ ಅದು ಮೀರಿದ ಮಾತಾಗಿತ್ತು. ಬಚ್ಚಲುಮನೆಯ ಕೋಲು ಹಲವು ವರ್ಷ ಚಾಕುವಿನಿಂದ ಕೊಯ್ದಂಥ ಅಂಚಿನಲ್ಲೇ ಉಳಿಯಿತು.

ಆಮೇಲಿನ ವರ್ಷಗಳು ಬೆಂಗಳೂರಿನ ಸಣ್ಣ ಅನಿಮೇಷನ್ ಸ್ಟುಡಿಯೊಗಳಲ್ಲಿ ಕಳೆದವು. ಅಲ್ಲಿ ಸಮೀಕರಣಗಳಿಗೆ ಪುರುಸೊತ್ತಿರಲಿಲ್ಲ. ಜಾಹೀರಾತಿನ ಹತ್ತು ಸೆಕೆಂಡು ಎಂದರೆ 250 ಫ್ರೇಮು. ಒಂದೊಂದಕ್ಕೆ ಒಂದು ರಾತ್ರಿ ಕೊಡಲಾದೀತೇ? ಆದ್ದರಿಂದ ಕೋಲನ್ನು ನಟಿಸುವ ದಾರಿಗಳು. ಎಲ್ಲಕ್ಕಿಂತ ಹಳೆಯದು ಶಂಕುವಿನ ದಾರಿ: ದೀಪದಿಂದ ಹೊರಟ ಒಂದು ಪಾರದರ್ಶಕ ಶಂಕು ಮಾಡಿ, ತುದಿಯ ಕಡೆಗೆ ಮಾಸುವ ಬಿಳಿ ಬಣ್ಣ ಬಳಿದು, ಹಿಂದಿನ ಚಿತ್ರದ ಮೇಲೆ ಕೂಡಿಸುವುದು. ವೇದಿಕೆಯ ಫೋಕಸ್ ದೀಪಕ್ಕೆ ಇದು ಧಾರಾಳವಾಗಿ ಸಾಕು. ಕುಣಿಯುವವರು ಬೆಳಕನ್ನು ಹಾದುಹೋದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ, ಬೆನ್ನ ಹಿಂದಿನ ಗಾಳಿಯಲ್ಲಿ ಅವರ ನೆರಳು ಬೀಳುವುದಿಲ್ಲ. ತ್ರೀಡಿ ಸ್ಟುಡಿಯೊ ಮ್ಯಾಕ್ಸ್ ಎಂಬ ತಂತ್ರಾಂಶದ ‘ವಾಲ್ಯೂಮ್ ಲೈಟ್’ ಆ ನೆರಳನ್ನೂ ಕೊಡುತ್ತಿತ್ತು, ತಕ್ಕ ಸಮಯವನ್ನೂ ಕೇಳುತ್ತಿತ್ತು.

ಎಲ್ಲಕ್ಕಿಂತ ಅಗ್ಗದ ದಾರಿ, ಮುಗಿದ ಚಿತ್ರವನ್ನು ಸೂರ್ಯನಿರುವ ಬಿಂದುವಿನಿಂದ ಹೊರಕ್ಕೆ ಎಳೆದು ಬಳಿಯುವುದು. ಬೆಳಕಿನ ಭಾಗ ಬಿಳಿಯಾಗಿ, ಅಡ್ಡ ಬಂದ ಮರ, ಗೋಡೆಗಳು ಕಪ್ಪಾಗಿ ಗೆರೆಗೆರೆಯಾಗಿ ಹರಡುತ್ತವೆ. ಕೆನ್ನಿ ಮಿಚೆಲ್ 2007ರಲ್ಲಿ ‘ಜಿಪಿಯು ಜೆಮ್ಸ್’ನ ಮೂರನೆಯ ಸಂಪುಟದಲ್ಲಿ ಇದನ್ನು ಕಂಪ್ಯೂಟರ್ ಆಟಗಳಿಗೆ ಒಗ್ಗುವಂತೆ ಬರೆದ ಮೇಲೆ ಸೂರ್ಯನಿದ್ದ ಆಟಗಳಲ್ಲೆಲ್ಲ ಕೋಲುಗಳೆದ್ದವು. ಸೂರ್ಯ ತೆರೆಯಿಂದ ಆಚೆ ಸರಿದರೆ ಕೋಲು ಸತ್ತುಹೋಗುವುದು ಇದರ ಮುಖ್ಯ ದೋಷ. 2014ರಲ್ಲಿ ಬಾರ್ಟ್ ವ್ರೊನ್ಸ್‌ಕಿ ವಿವರಿಸಿದ ವಿಧಾನ ಮತ್ತೆ ನಿಜವಾದ ಗಾಳಿಯ ಲೆಕ್ಕಕ್ಕೇ ಮರಳಿತು: ಕ್ಯಾಮೆರಾದ ಮುಂದಿನ ಜಾಗವನ್ನು ಮನೆಮನೆಯಾಗಿ ಕತ್ತರಿಸಿ, ಒಂದೊಂದು ಮನೆಯಲ್ಲೂ ದೂಳೆಷ್ಟು, ಬೆಳಕೆಷ್ಟು ಎಂದು ಎಣಿಸಿ, ಮುಂದಿನಿಂದ ಹಿಂದಕ್ಕೆ ಕೂಡುತ್ತ ಹೋಗುವುದು. 160×90×64ರ ಜಾಲವಾದರೆ 9,21,600 ಮನೆಗಳು. ರಾತ್ರಿಯೆಲ್ಲ ನಡೆಯುತ್ತಿದ್ದ ಕೆಲಸ ಸೆಕೆಂಡಿಗೆ ಹತ್ತಾರು ಸಲ ಆಗತೊಡಗಿತು.

ಸ್ಟುಡಿಯೊಗಳಲ್ಲಿ ಈ ಕೋಲುಗಳಿಗಿದ್ದ ‘ಗಾಡ್ ರೇಸ್’ ಎಂಬ ಮಾತು ಬಲು ಬೇಗ ರೋಗವಾಯಿತು. ಸಾಬೂನಿಗೂ ಕೋಲು, ಬ್ಯಾಂಕಿಗೂ ಕೋಲು. ಗಿರಾಕಿ ತೆರೆಯ ಮುಂದೆ ಕೂತು ಇನ್ನಷ್ಟು ಹಾಕಿ ಎಂದಾಗಲೆಲ್ಲ ಹೊಳಪು ಏರುತ್ತಿತ್ತು, ಕೋಣೆ ಬಿಳುಚಿಕೊಳ್ಳುತ್ತಿತ್ತು, ಕೋಲು ಇನ್ನಷ್ಟು ಮಂಕಾಗುತ್ತಿತ್ತು. ದೂಳು ಕೋಲನ್ನು ತೋರಿಸುವಂತೆಯೇ ಕಪ್ಪನ್ನು ಕೊಲ್ಲುತ್ತದೆ ಎಂಬುದನ್ನು ಗಿರಾಕಿಗೆ ಹೇಳಿ ಗೆದ್ದವರಿಲ್ಲ. ಅದನ್ನು ತೋರಿಸಲು ಒಂದು ಹಳೆಯ ಚಿತ್ರ ಕೆಲವೊಮ್ಮೆ ನೆರವಿಗೆ ಬರುತ್ತಿತ್ತು. ಗುರುದತ್ತರ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಯನ್ನು ಸೀಳಿಕೊಂಡು ಒಂದೇ ಒಂದು ಬೆಳಕಿನ ಕಂಬ ಇಳಿಯುತ್ತದೆ. ಅದನ್ನು ತೆಗೆದವರು ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಛಾಯಾಗ್ರಾಹಕ ಅವರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ ಆ ಪ್ರಶಸ್ತಿಗೆ ಪಾತ್ರರಾದ ಮೊದಲ ಛಾಯಾಗ್ರಾಹಕರಾದರು. ಆ ಕಂಬಕ್ಕೆ ಅವರು ದೊಡ್ಡ ದೀಪ ತರಿಸಲಿಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಕ್ಕೆ ಇಳಿಸಿದರು. ಸೂರ್ಯನ ಬೆಳಕಾದ್ದರಿಂದ ಅದು ಸ್ಟುಡಿಯೊ ದೀಪದಂತೆ ಹರಡಿಕೊಳ್ಳದೆ ಸಮಾನಾಂತರವಾಗಿ ಬಂತು. ಸುತ್ತಲಿನ ಜಾಗವನ್ನು ಕಪ್ಪಾಗಿಯೇ ಬಿಟ್ಟರು. ರೆಂಡರ್ ಮಾಡುವವರು ಕಲಿಯಬೇಕಾದ ಎರಡು ಪಾಠವೂ ಆ ಒಂದು ಶಾಟಿನಲ್ಲಿವೆ, ರೆಂಡರಿಂಗ್ ಇನ್ನೂ ಹುಟ್ಟದ ಕಾಲದಲ್ಲಿ.

ಬಚ್ಚಲುಮನೆಯ ದೃಶ್ಯವನ್ನು ಮತ್ತೆ ಕಟ್ಟಿದ್ದು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ. ಅದರ ಹಳೆಯ ಎಂಜಿನ್ನಿನಲ್ಲಿ ಸ್ಪಾಟ್ ದೀಪಕ್ಕೆ ‘ಹೇಲೋ’ ಎಂಬ ಗುಂಡಿಯೊತ್ತಿದರೆ ಕೋಲಿನ ಸೋಗು ಬರುತ್ತಿತ್ತು. 2014ರ 2.70ನೆಯ ಆವೃತ್ತಿಯಿಂದ ಸೈಕಲ್ಸ್ ಎಂಬ ಎಂಜಿನ್ನಿಗೆ ನಿಜವಾದ ದೂಳು ತುಂಬುವ ಶಕ್ತಿ ಬಂತು. ಹೊಸ ಸಾಧನಕ್ಕೆ ಹೊಸ ತಪ್ಪು ಕಾದಿರುತ್ತದೆ. ಪೆಟ್ಟಿಗೆ ಮಾಡುವ ಗೋಜೇಕೆ ಎಂದು ‘ವರ್ಲ್ಡ್’ಗೇ, ಅಂದರೆ ದೃಶ್ಯದ ಇಡೀ ಲೋಕಕ್ಕೇ, ದೂಳು ತುಂಬಿದರೆ ಚಿತ್ರ ಕಗ್ಗತ್ತಲಾಗುತ್ತದೆ. ದೂಳಿನಲ್ಲಿ ಬೆಳಕು ಘಾತೀಯವಾಗಿ ಕ್ಷಯಿಸುತ್ತದೆ: ಮೀಟರಿಗೆ 0.1ರಂತೆ ಕಳೆಯುವ ದೂಳಿನಲ್ಲಿ 10 ಮೀಟರ್ ದಾಟಿದ ಮೇಲೆ ಉಳಿಯುವುದು ಶೇ 37, ಇಪ್ಪತ್ತಕ್ಕೆ ಶೇ 14ಕ್ಕೂ ಕಡಿಮೆ. ಬ್ಲೆಂಡರಿನ ಸೂರ್ಯನಿರುವುದು ಅನಂತ ದೂರದಲ್ಲಿ. ಅಷ್ಟು ದೂರದ ದೂಳನ್ನು ದಾಟಿ ಬರುವ ಬೆಳಕು ಯಾವುದಿದೆ? ಮತ್ತೆ ಪೆಟ್ಟಿಗೆಗೇ ಮರಳಬೇಕು. ಅದು ಕೋಣೆಗಿಂತ ಒಂದಿಷ್ಟು ದೊಡ್ಡದಿದ್ದರೆ ಸಾಕು.

ಉಳಿದದ್ದೆಲ್ಲ ಕೈಪಳಗಿದವರ ಲೆಕ್ಕಾಚಾರ. ದೂಳಿನ ಸಾಂದ್ರತೆಯನ್ನು ಸೊನ್ನೆಯಿಂದ ಮೇಲಕ್ಕೆ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಏರಿಸಬೇಕು, ಕೋಲು ಕಂಡೊಡನೆ ನಿಲ್ಲಿಸಬೇಕು. ಗಾಳಿಯ ಬೆಳಕನ್ನು ಬೇರೆ ಪದರವಾಗಿ ರೆಂಡರ್ ಮಾಡಿಕೊಂಡರೆ ಆಮೇಲೆ ಇಡೀ ಚಿತ್ರವನ್ನು ಮತ್ತೆ ಮಾಡದೆ ಹೊಳಪು ತಿದ್ದಬಹುದು. ಚುಕ್ಕೆ ಅಳಿಸುವ ಡಿನಾಯ್ಸರನ್ನು ಕಣ್ಣುಮುಚ್ಚಿ ನಂಬಬಾರದು. ತೆಳ್ಳನೆಯ ಕೋಲುಗಳನ್ನೂ ಅದು ಕಸವೆಂದು ಗುಡಿಸುತ್ತದೆ. ದೂಳು ಎಲ್ಲೆಡೆ ಸಮನಾಗಿದ್ದರೆ ಕೋಲು ಗಾಜಿನ ಪಟ್ಟಿಯಂತೆ ಕಾಣುತ್ತದೆ, ಆದ್ದರಿಂದ ಸಾಂದ್ರತೆಗೆ ಸ್ವಲ್ಪ ಏರುಪೇರು ಬೆರೆಸಬೇಕು. ಬಚ್ಚಲುಮನೆಯ ಹೊಗೆಯಲ್ಲಿ ಆ ಏರುಪೇರು ಒಲೆಯ ಬಾಯಿಂದ ಹೊರಟು ಹಂಡೆಯ ಕಂಠ ಬಳಸಿ ಮೇಲೇಳುತ್ತಿತ್ತು. ಅದನ್ನು ಕೂರಿಸಿ, ಅಗಲವಿರುವ ಸೂರ್ಯನನ್ನೂ ಇಟ್ಟ ಮೇಲೆ ಕೋಲಿನ ಅಂಚು ಕೊನೆಗೂ ನೆಲದ ಹತ್ತಿರ ಮಸುಕಾಯಿತು. ರೆಂಡರಿಗೆ ಹಿಡಿದದ್ದು ಹನ್ನೆರಡು ನಿಮಿಷ.

ಆ ಮನೆಯ ಬಚ್ಚಲಿಗೆ ಈಗ ಸೋಲಾರ್ ಹೀಟರಿನ ನೀರು ಬರುತ್ತದೆ. ಹಂಡೆ ಹಿತ್ತಿಲಿನಲ್ಲಿದೆ. ಗಾಜಿನ ಹಂಚನ್ನು ಉಜ್ಜಿ ತೊಳೆದಿದ್ದಾರೆ, ಬಿಸಿಲು ಮೊದಲಿಗಿಂತ ಚೆನ್ನಾಗಿ ಬೀಳುತ್ತದೆ, ಕೋಲು ಕಾಣುವುದಿಲ್ಲ.